ಲೆವೆಲ್ ನೋಡಿದವರು

ನನ್ನ ಕಾಮಗಾರಿ ದಿನಚರಿಯ ಮೊದಲ ಹನ್ನೊಂದು ಪುಟಗಳಲ್ಲಿ ಒಂದೇ ಸಾಲು ಹನ್ನೊಂದು ಸಲ ಇದೆ: ‘ಗೌಂಡಿಯವರು ಲೆವೆಲ್ ನೋಡಿದರು.’ ಹನ್ನೊಂದೂ ತಪ್ಪು. ಅದು ನನಗೆ ಗೊತ್ತಾದದ್ದು ಕಟ್ಟಡದ ಹಿಂದಿನ ಗೋಡೆಯ ಲಿಂಟಲ್, ಅಂದರೆ ಕಿಟಕಿಯ ಮೇಲಿನ ಕಾಂಕ್ರೀಟ್ ಪಟ್ಟಿ, ಒಂದೂಕಾಲು ಇಂಚು ಓರೆಯಾದ ಮೇಲೆ.

ಆಗ ನಾನು ಪದವಿಯ ಮೂರನೇ ವರ್ಷದಲ್ಲಿದ್ದೆ. ಮುಖ್ಯ ವಿಷಯ ಪತ್ರಿಕೋದ್ಯಮ. ಅದರ ಜೊತೆಗೆ ಬೇರೆ ವಿಭಾಗದ ಒಂದು ವಿಷಯವನ್ನು ಮೈನರ್ ಆಗಿ ಓದಬೇಕಿತ್ತು; ನಾನು ನಿರ್ಮಾಣ ನಿರ್ವಹಣೆಯನ್ನು ತೆಗೆದುಕೊಂಡೆ. ಕಾರಣ ಸಣ್ಣದು. ಬೆಳಗಿನ ಹೊತ್ತು ವಿಜಯಪುರದ ಗಾಂಧಿ ಚೌಕದ ಹತ್ತಿರ ಒಂದು ಸ್ಥಳೀಯ ಪತ್ರಿಕೆಯಲ್ಲಿ ಕೆಲಸ ಮಾಡುತ್ತಿದ್ದೆ. ಒಮ್ಮೆ ಚಾವಣಿ ಬಿರುಕು ಬಿಟ್ಟ ಸುದ್ದಿಯೊಂದನ್ನು ಬರೆದುಕೊಟ್ಟಾಗ ಡೆಸ್ಕಿನ ಹಿರಿಯರು ಆ ಚಾವಣಿ ಎಷ್ಟು ದಪ್ಪ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಯಾರನ್ನು ಕೇಳಬೇಕು ಎನ್ನುವುದೂ ಗೊತ್ತಿರಲಿಲ್ಲ. ಸುದ್ದಿ ಎರಡು ಸಾಲಿಗೆ ಇಳಿಯಿತು.

ಮೈನರ್‌ನ ಕೊನೆಯ ಅರ್ಧವರ್ಷಕ್ಕೆ ಒಂದು ಕ್ಷೇತ್ರಕಾರ್ಯ. ಸಣ್ಣ ಕಟ್ಟಡವೊಂದನ್ನು ಆಯ್ದುಕೊಂಡು, ಪಾಯ ಮುಗಿದ ದಿನದಿಂದ ಚಾವಣಿಯ ಸ್ಲ್ಯಾಬ್ ಹಾಕುವವರೆಗೆ ಹಿಂಬಾಲಿಸಬೇಕು. ಮೊದಲೇ ಒಂದು ವೇಳಾಪಟ್ಟಿ ಹಾಕಬೇಕು, ದಿನಾ ನಡೆದದ್ದನ್ನು ದಾಖಲಿಸಬೇಕು, ಎರಡಕ್ಕೂ ಎಲ್ಲಿ ವ್ಯತ್ಯಾಸ ಬಂತು, ಏಕೆ ಬಂತು ಎಂದು ಬರೆಯಬೇಕು. ಸಿವಿಲ್ ವಿಭಾಗದ ನಮ್ಮ ಮಾರ್ಗದರ್ಶಕರು ಒಂದೇ ಷರತ್ತು ಹಾಕಿದ್ದರು: ಕಾರಣದ ಕಾಲಂ ಒಂದು ದಿನವೂ ಖಾಲಿ ಇರಬಾರದು.

ನನಗೆ ಸಿಕ್ಕ ಕಟ್ಟಡ ನಿಡೋಣಿಯಲ್ಲಿತ್ತು. ಊರ ಅಂಚಿನಲ್ಲಿ ಎರಡು ಕೋಣೆ, ಒಂದು ಅಡುಗೆಮನೆ. ಕಟ್ಟಿಸುತ್ತಿದ್ದವರು ಅಲ್ಲಿಯ ಅಂಗನವಾಡಿ ಕಾರ್ಯಕರ್ತೆ. ಊರವರಿಗೆಲ್ಲ ಅವರು ಟೀಚರ್. ಕಟ್ಟುತ್ತಿದ್ದವರು ಅದೇ ಊರಿನ ಒಬ್ಬ ಗೌಂಡಿ. ಐವತ್ತೈದು ದಾಟಿದ ತೆಳ್ಳನೆಯ ಮನುಷ್ಯ, ತಲೆಗೆ ಟವೆಲ್ಲು, ಬಲಗೈ ಹೆಬ್ಬೆರಳು ಸಿಮೆಂಟಿಗೆ ತಿಂದು ಹೋಗಿ ನುಣ್ಣಗಾಗಿತ್ತು. ಅವರ ಜೊತೆ ಇಬ್ಬರು ಆಳು, ಮತ್ತೆ ಅವರ ಹೆಂಡತಿ. ಹಾಜರಿ ಪುಸ್ತಕದಲ್ಲಿ ಹೆಂಡತಿಯೂ ಆಳೇ. ನಾನು ಅವರನ್ನು ಕಾಕಾ, ಕಾಕು ಎಂದು ಕರೆಯುತ್ತಿದ್ದೆ.

ಪತ್ರಿಕೆಯ ಕೆಲಸ ಮುಗಿಸಿ ಬಸ್ಸಿನಲ್ಲಿ ಬಬಲೇಶ್ವರಕ್ಕೆ, ಅಲ್ಲಿಂದ ಟಂಟಂ ಆಟೊ ಹಿಡಿದು ನಿಡೋಣಿಗೆ. ನಾನು ಹೋಗುವ ಹೊತ್ತಿಗೆ ಹತ್ತಾಗಿರುತ್ತಿತ್ತು. ಗೌಂಡಿ ಕಾಕಾ ಮೊದಲ ದಿನವೇ ನನ್ನ ವೇಳಾಪಟ್ಟಿಯನ್ನು ಕೈಗೆ ತೆಗೆದುಕೊಂಡು, ದೂರ ಹಿಡಿದು, ಹತ್ತಿರ ಹಿಡಿದು, ನನಗೇ ವಾಪಸು ಕೊಟ್ಟು ಓದಿ ಹೇಳು ಎಂದರು. ನಾನು ಓದಿದೆ. ಎಲ್ಲ ಭಾನುವಾರ ರಜೆ ಎಂದು ಹಾಕಿದ್ದೆ.

“ಐತಾರ ಯಾರು ಸೂಟಿ ಮಾಡ್ತಾರ ಇಲ್ಲೆ? ಅಮಾಸಿ ಎಲ್ಲೈತಿ ಈ ಹಾಳ್ಯಾಗ?” ಎಂದರು ಕಾಕಾ. “ಸಂತಿ ಎಲ್ಲೈತಿ? ಪೇಪರಿನ ತಂಗಿ ನಮಗ ಅಮಾಸಿ ದಿನ ಕಲ್ಲ ಹೊರಸ್ತಾಳ ನೋಡ್ರಿ.”

ಆಳುಗಳು ನಕ್ಕರು. ಅಮಾವಾಸ್ಯೆಯ ದಿನ ಈ ಭಾಗದಲ್ಲಿ ಕರಣಿ ಮುಟ್ಟುವವರಿಲ್ಲ. ನಾನು ಇಲ್ಲಿಯೇ ಹುಟ್ಟಿದವಳು, ಗೊತ್ತಿದ್ದ ಮಾತೇ. ಆದರೆ ಕಂಪ್ಯೂಟರ್ ತಾನಾಗಿ ಹಾಕಿಕೊಟ್ಟ ರಜೆಗಳನ್ನು ಒಪ್ಪಿಕೊಂಡಿದ್ದೆ. ಪಟ್ಟಿಯನ್ನು ಮೊದಲ ವಾರದಲ್ಲೇ ಎರಡು ಸಲ ಬದಲಿಸಿದೆ.

ದಿನದ ಕೆಲಸ ಶುರುವಾಗುತ್ತಿದ್ದದ್ದು ಲೆವೆಲ್ ಪೈಪಿನಿಂದ. ಹೆಬ್ಬೆರಳು ಗಾತ್ರದ, ಒಳಗಿನ ನೀರು ಕಾಣುವ ಉದ್ದನೆಯ ಪ್ಲಾಸ್ಟಿಕ್ ಪೈಪು. ಅದರ ತುಂಬ ನೀರು. ಎರಡೂ ತುದಿಯಲ್ಲಿ ನೀರು ನಿಲ್ಲುವ ಜಾಗಕ್ಕೆ ಒಂದೊಂದು ದಾರ ಬಿಗಿದಿದ್ದರು. ಒಂದು ತುದಿಯನ್ನು ಮೊದಲೇ ಗೊತ್ತು ಮಾಡಿದ ಗೆರೆಗೆ ಹಿಡಿದು, ಇನ್ನೊಂದನ್ನು ದೂರದ ಮೂಲೆಗೆ ಒಯ್ದು ಮೇಲೆ ಕೆಳಗೆ ಸರಿಸುವುದು. ಗೆರೆಯ ಕಡೆ ನೀರು ದಾರಕ್ಕೆ ಬಂತೆಂದರೆ ಈ ಕಡೆಯೂ ಬಂದಿರಬೇಕು. ಅಲ್ಲಿ ಗುರುತು ಹಾಕಿದರೆ ಎರಡೂ ಮೂಲೆ ಸಮ. ದೂರದ ಮೂಲೆಯಲ್ಲಿ ಕಾಕಾ ನಿಲ್ಲುತ್ತಿದ್ದರು. ದಾರದ ಗಂಟಿನ ಮೇಲೆ ಹೆಬ್ಬೆರಳು ಇಟ್ಟು, ಮುಖವನ್ನು ಬೇರೆಲ್ಲೋ ಇಟ್ಟು, ಪೈಪನ್ನು ಸರಿಸಿ ಇಟ್ಟಂಗಿ ಚೂರಿನಿಂದ ಗೆರೆ ಎಳೆಯುತ್ತಿದ್ದರು. ಗೋಡೆಯ ಆಚೆಯಿಂದ ಕಲ್ಲು ಬಡಿಯುವ ಸದ್ದು ಬರುತ್ತಿತ್ತು, ಒಂದು ಸಲ, ಎರಡು ಸಲ, ಮೂರು ಸಲ. ನಾನು ಅದನ್ನು ಕೆಲಸದ ಸದ್ದು ಎಂದುಕೊಂಡಿದ್ದೆ. ಕಣ್ಣೆದುರು ಗೆರೆ ಎಳೆಯುವವರು ಕಾಕಾ. ಹಾಗಾಗಿ ಬರೆದೆ: ಗೌಂಡಿಯವರು ಲೆವೆಲ್ ನೋಡಿದರು.

ಗೋಡೆ ಲಿಂಟಲ್ ಮಟ್ಟಕ್ಕೆ ಬಂದ ವಾರ ಕಾಕು ಎರಡು ದಿನ ಇರಲಿಲ್ಲ. ಇಟ್ಟಂಗಿಹಾಳದಲ್ಲಿ ಅವರ ತಂಗಿಯ ಬಸುರಿ ಮಗಳಿಗೆ ಕುಬುಸ. ಹೋಗುವ ಮುಂಚೆ ಲಿಂಟಲ್ ಕೆಲಸ ತಾನು ಬಂದ ಮೇಲೆ ಮಾಡಿ ಎಂದು ಹೇಳಿ ಹೋಗಿದ್ದರಂತೆ. ಆದರೆ ಅದರ ಮುಂದಿನ ಗುರುವಾರ ಟಿಕೋಟಾದಿಂದ ಒಬ್ಬ ದ್ರಾಕ್ಷಿ ಬೆಳೆಗಾರ ಬರುವುದಿತ್ತು. ಅವರು ಒಣದ್ರಾಕ್ಷಿ ಆರಿಸಿ ತುಂಬಿಡುವ ದೊಡ್ಡ ಶೆಡ್ಡು ಕಟ್ಟಿಸುವವರಿದ್ದರು. ಗೌಂಡಿಯ ಕೈ ಹೇಗಿದೆ ಎಂದು ಈ ಮನೆಯನ್ನು ನೋಡಿ ತೀರ್ಮಾನಿಸುತ್ತೇನೆ ಎಂದಿದ್ದರು. ಅಷ್ಟು ದೊಡ್ಡ ಕೆಲಸ ಕಾಕಾ ಕೈಗೆ ನಾಲ್ಕು ವರ್ಷದಲ್ಲಿ ಬಂದಿರಲಿಲ್ಲ. ಬೆಳೆಗಾರರು ಬರುವ ಹೊತ್ತಿಗೆ ಲಿಂಟಲ್ ಮೇಲೆ ನಾಲ್ಕು ವರಸೆ ಇಟ್ಟಂಗಿಯಾದರೂ ಎದ್ದಿರಬೇಕು ಎಂದು ಅವರ ಆಸೆ. ಕಾಕು ಬರುವವರೆಗೆ ಕಾಕಾ ಕಾಯಲಿಲ್ಲ.

ಮೊದಲಿನ ಗೆರೆಗಳು ಗೋಡೆಗೆ ನೀರು ಹೊಡೆದು ಹೊಡೆದು ಅಳಿಸಿಹೋಗಿದ್ದವು. ಮುಂದಿನ ಮೂಲೆಯಲ್ಲಿ ಒಂದು ಮಾತ್ರ ಉಳಿದಿತ್ತು. ಅಲ್ಲಿ ಪೈಪು ಹಿಡಿಯಲು ಒಬ್ಬ ಆಳು ನಿಂತ. ಹಿಂದಿನ ಗೋಡೆಯ ಎಡಮೂಲೆ ಸರಿಯಾಯಿತು. ಬಲಮೂಲೆಗೆ ಪೈಪು ಎಳೆಯುವಾಗ ತುದಿ ಬಾಗಿ ನೀರು ಚೆಲ್ಲಿತು. ಆಳು ಚೊಂಬಿನಿಂದ ನೀರು ಹಾಕಿ ದಾರದ ಮಟ್ಟಕ್ಕೆ ತುಂಬಿಸಿ, ಸರಿ ಐತ್ರಿ ಎಂದ. ನಾನು ಅವನ ಪಕ್ಕದಲ್ಲೇ ಇದ್ದೆ. ಪೈಪಿನೊಳಗೆ, ಅವನ ಮೊಣಕಾಲಿನ ಎತ್ತರದಲ್ಲಿ, ಒಂದು ಗಾಳಿಗುಳ್ಳೆ ನಿಂತಿತ್ತು. ದಿನಚರಿಯಲ್ಲಿ ಬರೆದುಕೊಂಡೆ: ‘ಪೈಪಿನಲ್ಲಿ ಉದ್ದನೆಯ ಒಂದು ಗುಳ್ಳೆ.’ ಅದರ ಅರ್ಥ ತರಗತಿಯಲ್ಲಿ ಹೇಳಿದ್ದರು. ನೀರಿನ ನಡುವೆ ಗಾಳಿ ನಿಂತರೆ ಎರಡು ತುದಿ ಒಂದೇ ಮಟ್ಟ ತೋರಿಸುವುದಿಲ್ಲ ಎಂದು. ನಾನು ಬಾಯಿ ಬಿಡಲಿಲ್ಲ. ನಡೆಯುತ್ತಿರುವ ಕೆಲಸದಲ್ಲಿ ಕೈ ಹಾಕಬಾರದು, ಕಂಡದ್ದನ್ನು ಬರೆದುಕೊಳ್ಳಬೇಕು ಎಂಬುದು ಪತ್ರಿಕೆಯಲ್ಲಿ ನಾನು ಕಲಿತ ಮೊದಲ ಪಾಠ.

ಮರುದಿನ ಮಧ್ಯಾಹ್ನ ಲಿಂಟಲ್‌ಗೆ ಕಾಂಕ್ರೀಟ್ ಬಿತ್ತು.

ಅದರ ಮರುದಿನ ಕಾಕು ಬಂದರು. ಕುಬುಸದ ಬುತ್ತಿ, ಹೋಳಿಗೆ, ಕಡಕ್ ರೊಟ್ಟಿಯ ಗಂಟನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದವರು ಹಿಂದಿನ ಗೋಡೆಯ ಎದುರು ನಿಂತರು. ಪೈಪನ್ನು ತಂದು ಪೂರ್ತಿ ನೀರು ಖಾಲಿ ಮಾಡಿ, ಬಕೆಟ್ಟಿನಿಂದ ಮತ್ತೆ ನಿಧಾನವಾಗಿ ತುಂಬಿಸಿ, ಉದ್ದಕ್ಕೂ ಬೆರಳಿನಿಂದ ಮಿಡಿಯುತ್ತ ಬಂದರು. ಎರಡೂ ತುದಿಗಳನ್ನು ಜೋಡಿಸಿ ಹಿಡಿದು ನೀರು ಸಮ ಇದೆಯೇ ನೋಡಿದರು. ಆಮೇಲೆ ಒಂದು ತುದಿಯನ್ನು ನನಗೆ ಕೊಟ್ಟರು.

“ಹಿಡಿ ತಂಗಿ. ಉಸಿರ ಹಿಡಿಯೂದ ಬ್ಯಾಡ, ಪೈಪ ಹಿಡಿ.”

ಎಡತುದಿಯಿಂದ ಬಲತುದಿಗೆ ಲಿಂಟಲ್ ಒಂದೂಕಾಲು ಇಂಚು ಇಳಿದಿತ್ತು. ನಾನೇ ಟೇಪು ಹಿಡಿದು ಓದಿದೆ. ಕಾಕಾ ಆ ಅಳತೆ ಕೇಳಿ ಅಲ್ಲಿಯೇ ಇಟ್ಟಂಗಿಯ ರಾಶಿಯ ಮೇಲೆ ಕುಳಿತರು.

ಆಳು, ಪ್ಲಾಸ್ಟರ್ ಮಾಡುವಾಗ ಹೊಂದಿಸಿಕೊಳ್ಳೋಣ ಎಂದ. ಅದು ಸುಳ್ಳಲ್ಲ, ಎಲ್ಲ ಕಡೆಯೂ ಹಾಗೆಯೇ ಮಾಡುತ್ತಾರೆ. ಮೇಲಿನ ವರಸೆಯಲ್ಲಿ ಸಿಮೆಂಟು ದಪ್ಪ ಹಾಕಿದರೆ ಸ್ಲ್ಯಾಬಿನ ಹೊತ್ತಿಗೆ ಮಟ್ಟ ಬರುತ್ತದೆ, ಗುರುವಾರ ಬರುವ ಬೆಳೆಗಾರರಿಗೂ ಕಾಣುವುದಿಲ್ಲ. ಒಡೆಯುವುದಾದರೆ ಅಂದೇ ಒಡೆಯಬೇಕಿತ್ತು. ಕಾಂಕ್ರೀಟ್ ಇನ್ನೂ ಹಸಿ. ಎರಡು ದಿನ ಬಿಟ್ಟರೆ ಒಳಗಿನ ಕಬ್ಬಿಣ ಸೊಟ್ಟಗಾಗದೆ ಬಿಡಿಸಲು ಬರುವುದಿಲ್ಲ. ಒಡೆದರೆ ಗುರುವಾರ ಅಲ್ಲಿ ಕಾಣುವುದು ಮುರಿದ ಗೋಡೆ.

ಟೀಚರನ್ನು ಕರೆಸಿದರು. ಅವರು ಅಂಗನವಾಡಿಯಿಂದ ಕೈಯಲ್ಲಿ ಸೌಟು ಹಿಡಿದೇ ಬಂದರು.

“ಮನಿ ಬೀಳತೈತೇನ್ರಿ?” ಎಂದು ಕೇಳಿದರು.

“ಬೀಳಂಗಿಲ್ರಿ ಟೀಚರ,” ಎಂದರು ಕಾಕಾ.

“ಹಂಗಾರ ಯಾಕ ಒಡೀತೀರಿ?”

“ಕಿಡಕಿ ಎದುರಿಗೆ ದಿನಾ ಕುಂಡರೋರು ನೀವ. ನಾಕ ದಿನಕ್ಕ ನಿಮ್ಮ ಕಣ್ಣಿಗೆ ಬೀಳತೈತಿ. ಬಿದ್ದ ಮ್ಯಾಲ ಮತ್ತ ಅದನ್ನ ಬಿಟ್ಟ ಬ್ಯಾರೆ ಏನೂ ಕಾಣಂಗಿಲ್ರಿ.”

ಟೀಚರ್ ಕಿಟಕಿಯನ್ನೊಮ್ಮೆ ನೋಡಿದರು. ನಿಮ್ಮ ಮನಸ್ಸಿಗೆ ಬಂದಂತೆ ಮಾಡಿ ಎಂದು ಹೇಳಿ, ಮಕ್ಕಳ ಅನ್ನ ಒಲೆಯ ಮೇಲಿದೆ ಎಂದು ಹೊರಟರು. ಕಾಕಾ ಸುತ್ತಿಗೆ ಎತ್ತಿಕೊಂಡರು. ಎಣಿಸಿದೆ, ಹನ್ನೆರಡು ಅಡಿ ಲಿಂಟಲ್ ಬಿಡಿಸಲು ಇಬ್ಬರಿಗೆ ಮೂರೂವರೆ ಗಂಟೆ ಹಿಡಿಯಿತು.

ನನ್ನ ಲೆಕ್ಕದಲ್ಲಿ ಕೆಲಸ ಐದು ದಿನ ಹಿಂದೆ ಬಿತ್ತು. ಕಾರಣದ ಕಾಲಂ ತುಂಬಬೇಕಿತ್ತು. ಸಂಜೆ ನೀರಿನ ತೊಟ್ಟಿಯ ಹತ್ತಿರ ಕಾಕು ಬುಟ್ಟಿ ತೊಳೆಯುತ್ತಿದ್ದರು. ಲಿಂಟಲ್ ಓರೆಯಾದದ್ದಕ್ಕೆ ಏನೆಂದು ಬರೆಯಲಿ ಎಂದು ಕೇಳಿದೆ.

“ಗುಳ್ಳಿ ಅಂತ ಬರಿ ತಂಗಿ,” ಎಂದರು. ಕೈ ನಿಲ್ಲಿಸಿ, ಆ ಕಡೆ ಈ ಕಡೆ ನೋಡಿದರು. “ಕಣ್ಣ ಅಂತ ಬರೀಬ್ಯಾಡ.”

ಆಗ ತಿಳಿಯಿತು. ಕಾಕಾನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ವಿಜಯಪುರದಲ್ಲಿ ತೋರಿಸಿದ್ದರು, ಒಂದೊಂದಾಗಿ ತೆಗೆಯಬೇಕು ಎಂದಿದ್ದರು. ಟಿಕೋಟಾದ ಕೆಲಸ ಕೈಗೆ ಬಂದ ಮೇಲೆ, ಪಾಯ ತೋಡುವವರೆಗಿನ ಬಿಡುವಿನಲ್ಲಿ ಮಾಡಿಸಿಕೊಳ್ಳುತ್ತೇನೆ ಎಂದು ಕಾಕಾ ಮುಂದೂಡುತ್ತ ಬಂದಿದ್ದರು. ಕಣ್ಣು ಕಾಣದ ಗೌಂಡಿ ಎಂಬ ಮಾತು ಊರು ದಾಟಿದರೆ ಆ ಕೆಲಸವೂ ಇಲ್ಲ, ಮುಂದೆ ಯಾವುದೂ ಇಲ್ಲ. ಅಷ್ಟು ದಿನ ಗೆರೆಯ ಕಡೆ ನಿಂತು ನೀರು ನೋಡುತ್ತಿದ್ದವರು ಕಾಕು. ಒಂದು ಸಲ ಕಲ್ಲು ಬಡಿದರೆ ಏರಿಸು, ಎರಡಾದರೆ ಇಳಿಸು, ಮೂರಾದರೆ ಗೆರೆ ಎಳೆ.

ಬಾಯಿಂದಲೇ ಹೇಳಬಹುದಲ್ಲ ಎಂದೆ.

“ಹತ್ತ ಮಂದಿ ಎದುರಿಗೆ ಗಂಡಗ ಏರಸು ಇಳಸು ಅಂತ ಒದರಿದ್ರ ಅವರು ಗೌಂಡಿ ಹ್ಯಾಂಗ ಆಗತಾರ? ನಾ ಗೌಂಡಿ ಆಗತೀನಿ,” ಎಂದು ನಕ್ಕರು.

ಮರುದಿನ ನಾನು ನಿಡೋಣಿಗೆ ಹೋಗಲಿಲ್ಲ. ದಿನಚರಿ ಹಿಡಿದು ಮಾರ್ಗದರ್ಶಕರ ಬಳಿಗೆ ಹೋದೆ. ಕಣ್ಣಿನ ವಿಷಯ ಹೇಳಲಿಲ್ಲ. ಪುಟಗಳನ್ನು ತಿರುವುತ್ತ ಅವರು ಗುಳ್ಳೆಯ ಸಾಲಿನ ಮೇಲೆ ಬೆರಳಿಟ್ಟರು. ಇದನ್ನು ಕಾಂಕ್ರೀಟ್ ಹಾಕುವ ಮುಂಚೆಯೇ ನೋಡಿದ್ದೀಯಲ್ಲ ಎಂದರು. ಹೌದು, ವರದಿಗಾರ್ತಿಯಾಗಿ ನಿಂತಿದ್ದೆ, ಅದಕ್ಕೆ ಹೇಳಲಿಲ್ಲ ಎಂದೆ.

“ಇಲ್ಲವಾ,” ಎಂದರು ಅವರು, ಬೇಸರವೇನೂ ಇಲ್ಲದ ದನಿಯಲ್ಲಿ. “ನೀ ಪೈಪಿನ ಬಾಜೂಕ ನಿಂತಿದ್ದಿ.”

ಬಸ್ ನಿಲ್ದಾಣದಲ್ಲಿ ಕುಳಿತು ದಿನಚರಿಯನ್ನು ಮೊದಲಿಂದ ಓದಿದೆ. ಗುಳ್ಳೆಯ ಸಾಲು ನಿಜ, ಉಪಯೋಗಕ್ಕೆ ಬಾರದ ನಿಜ. ಅದಕ್ಕೂ ಹಿಂದಿನ ಹನ್ನೊಂದು ಸಾಲು ನಿಜವೂ ಅಲ್ಲ. ಕಾಕಾನ ಕಣ್ಣಿನ ಬಗ್ಗೆ ಬರೆಯುವ ಅಧಿಕಾರ ನನಗಿರಲಿಲ್ಲ. ನಾನು ವೈದ್ಯೆಯಲ್ಲ, ಅದು ನನಗೆ ನಂಬಿ ಹೇಳಿದ ಮಾತು. ಆದರೆ ಲೆವೆಲ್ ನೋಡಿದವರು ಯಾರು ಎಂಬುದು ಕಾಮಗಾರಿಯ ದಾಖಲೆ. ಪತ್ರಿಕೆಯಲ್ಲಿ ತಪ್ಪಾದರೆ ಹಳೆಯ ಸಂಚಿಕೆಯನ್ನು ಹರಿಯುವುದಿಲ್ಲ, ಮರುದಿನ ತಿದ್ದುಪಡಿ ಹಾಕುತ್ತಾರೆ. ಕೊನೆಯ ಪುಟದಲ್ಲಿ ಬರೆದೆ: ‘ಒಂದರಿಂದ ಹನ್ನೊಂದನೇ ದಿನದವರೆಗೆ ಗೌಂಡಿಯವರು ಲೆವೆಲ್ ನೋಡಿದರು ಎಂದು ನಮೂದಿಸಿದ್ದು ತಪ್ಪು. ನೋಡಿದವರು ಅವರ ಹೆಂಡತಿ. ಹನ್ನೆರಡನೇ ದಿನ ಅವರು ಇರಲಿಲ್ಲ. ಗುಳ್ಳೆಯನ್ನು ನಾನು ಕಂಡೆ, ಹೇಳಲಿಲ್ಲ.’

ಆ ಸಾಲು ಕಣ್ಣು ಎನ್ನುವುದಿಲ್ಲ, ಆದರೆ ಓದಿದವರು ಕಣ್ಣಿನವರೆಗೆ ಹೋಗಬಹುದು. ಅವರಿಬ್ಬರಿಗೆ ಓದಿ ಹೇಳದೆ ಕೊಡುವುದಿಲ್ಲ, ಬೇಡ ಎಂದರೆ ಆ ಪುಟವನ್ನು ಕೊಡುವುದೇ ಇಲ್ಲ ಎಂದು ತೀರ್ಮಾನಿಸಿದೆ. ಅಂಕ ಹೋದರೆ ಹೋಗಲಿ.

ಬುಧವಾರ ಊಟದ ಹೊತ್ತಿಗೆ ಅವರಿಬ್ಬರಿಗೂ ಓದಿದೆ. ಕಾಕಾ ರೊಟ್ಟಿಯ ಚೂರನ್ನು ಪಲ್ಲೆಯಲ್ಲಿ ಅದ್ದಿದ್ದು ಅದ್ದಿದಂತೆಯೇ ಇತ್ತು. ಆಮೇಲೆ ಮತ್ತೊಮ್ಮೆ ಓದು ಎಂದರು. ಓದಿದೆ.

“ಹನ್ನೊಂದ ದಿನ ಅಲ್ಲವಾ ಅದು,” ಎಂದರು ಕಾಕಾ. “ಮೂರ ವರ್ಷ ಆತು.”

“ನೀವ ಸುಮ್ಮ ಉಣ್ರಿ,” ಎಂದರು ಕಾಕು.

“ಉಣ್ಣಾಕತ್ತೀನಿ. ಬರದದ್ದ ಇರಲಿ ತಂಗಿ.”

ಗುರುವಾರ ಹನ್ನೊಂದಕ್ಕೆ ಟಿಕೋಟಾದವರು ಮೋಟಾರ್ ಸೈಕಲ್ಲಿನಲ್ಲಿ ಬಂದರು. ಹೊಸ ಕಾಂಕ್ರೀಟ್ ಹಾಕುವ ಮುಂಚಿನ ಗಳಿಗೆ ಅದು; ಹಿಂದಿನ ಗೋಡೆಯ ಮೇಲೆ ಬರಿಯ ಕಬ್ಬಿಣ, ಸೆಂಟ್ರಿಂಗ್ ಹಲಗೆ. ಅವರು ಸುತ್ತು ಹಾಕಿ, ಮೂಲೆಗಳನ್ನು ಕೈಯಿಂದ ಸವರಿ, ಹಿಂದೆ ಬಂದು ನಿಂತು ಇದೇನಾಯಿತು ಎಂದು ಕೇಳಿದರು. ಆಳು ಏನೋ ಹೇಳಲು ಬಾಯಿ ತೆರೆದ. ಕಾಕಾ ಕೈ ಅಡ್ಡ ಹಿಡಿದರು.

“ಪೈಪಿನ್ಯಾಗ ಗುಳ್ಳಿ ಇತ್ರಿ. ನನ್ನ ಕಣ್ಣಿಗೆ ಕಾಣಲಿಲ್ಲ. ಪೊರಿ ಬಂದಾವ್ರಿ. ಲೆವೆಲ್ ಯಾವಾಗ್ಲೂ ಈಕಿ ನೋಡ್ತಾಳ. ಅವತ್ತ ಈಕಿ ಊರಾಗ ಇರಲಿಲ್ಲ. ಅದಕ್ಕ ಒಡದು ಮತ್ತ ಮಾಡಾಕತ್ತೀನಿ.”

ಬೆಳೆಗಾರರು ಕಾಕುವಿನ ಕಡೆ ತಿರುಗಿದರು. ಕಾಕು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಬೆಳೆಗಾರರು ಕೇಳಿದ್ದು ಒಂದೇ ಪ್ರಶ್ನೆ. ತಮ್ಮ ಶೆಡ್ಡಿನ ನೆಲ ತೊಳೆದರೆ ನೀರು ಒಂದು ಹನಿ ನಿಲ್ಲಬಾರದು, ಎಷ್ಟು ಇಳಿಜಾರು ಕೊಡುತ್ತೀರಿ ಎಂದು. ಕಾಕು ನೆಲ ನೋಡುತ್ತ, ಹತ್ತು ಅಡಿಗೆ ಒಂದು ಇಂಚು ಸಾಕು, ಹೆಚ್ಚು ಕೊಟ್ಟರೆ ಕುಳಿತು ದ್ರಾಕ್ಷಿ ಆರಿಸುವ ಹೆಂಗಸರ ಸೊಂಟ ನೋಯುತ್ತದೆ ಎಂದರು. ಬೆಳೆಗಾರರು ತಲೆಯಾಡಿಸಿ, ತಿಳಿಸುತ್ತೇನೆ ಎಂದು ಹೇಳಿ ಗಾಡಿ ಹತ್ತಿದರು.

ಗಾಡಿಯ ಸದ್ದು ಕೇಳದಾದ ಮೇಲೆ ಕಾಕು ಕಾಂಕ್ರೀಟಿನ ಬುಟ್ಟಿಯನ್ನು ಕೆಳಗಿಟ್ಟರು.

“ನಿಮ್ಮನ್ನ ಯಾರ ಕೇಳಿದ್ರು? ಗುಳ್ಳಿ ತನಾ ಹೇಳಿ ಸುಮ್ಮ ಆಗಬೇಕಿತ್ತಿಲ್ಲೊ.”

“ಟಿಕೋಟಾದಾಗ ಗುಳ್ಳಿ ಬರಂಗಿಲ್ಲೇನ?” ಎಂದರು ಕಾಕಾ. “ಅಲ್ಲೆ ಹೋಗಿ ಒಡಿಯೂದಕಿಂತ ಇಲ್ಲೆ ಹೇಳೂದ ಚಲೋ.”

ಅಂದು ಸಂಜೆಯೊಳಗೆ ಲಿಂಟಲ್‌ಗೆ ಮತ್ತೆ ಕಾಂಕ್ರೀಟ್ ಬಿತ್ತು. ಗೋಡೆ ಎದ್ದಿತು. ನಡುವೆ ಒಂದು ಅಮಾವಾಸ್ಯೆ ಬಂತು, ಈ ಸಲ ಅದು ನನ್ನ ಪಟ್ಟಿಯಲ್ಲಿತ್ತು. ಟಿಕೋಟಾದಿಂದ ಸುದ್ದಿ ಬರಲಿಲ್ಲ. ಕಾಕಾ ಅದರ ಮಾತು ಎತ್ತುತ್ತಿರಲಿಲ್ಲ. ಆದರೆ ಮೊಬೈಲನ್ನು ಅಂಗಿಯ ಕಿಸೆಯಿಂದ ತೆಗೆದು ಮರಳಿನ ರಾಶಿಯ ಮೇಲೆ, ಕೈಗೆ ಸಿಗುವಂತೆ ಇಡತೊಡಗಿದ್ದರು. ಪ್ರತಿ ಸಲ ಅದು ಹೊಡೆದಾಗಲೂ ಕಾಕು ಕೆಲಸ ನಿಲ್ಲಿಸುತ್ತಿದ್ದರು. ಸ್ಲ್ಯಾಬ್ ಹಾಕಿದ ದಿನ ಟೀಚರ್ ಎಲ್ಲರಿಗೂ ಹುಗ್ಗಿ ಮಾಡಿ ತಂದರು. ನನ್ನ ವೇಳಾಪಟ್ಟಿಗಿಂತ ಎಂಟು ದಿನ ತಡ. ಎಂಟಕ್ಕೂ ಕಾರಣ ಬರೆದಿದ್ದೆ.

ಕ್ಷೇತ್ರಕಾರ್ಯ ಅಲ್ಲಿಗೆ ಮುಗಿದಿತ್ತು. ಆದರೂ ಸ್ಲ್ಯಾಬ್ ಹಾಕಿದ ಐದನೇ ದಿನ ಹೋದೆ. ಸ್ಲ್ಯಾಬಿನ ಮೇಲೆ ನೀರು ನಿಲ್ಲಿಸಿದ್ದನ್ನು ನೋಡಬೇಕಿತ್ತು ಎಂದು ನನಗೆ ನಾನೇ ಹೇಳಿಕೊಂಡೆ. ಸ್ಲ್ಯಾಬಿನ ಮೇಲೆ ಮಣ್ಣಿನ ಸಣ್ಣ ಸಣ್ಣ ಬದು ಕಟ್ಟಿ, ಕಾಂಕ್ರೀಟ್ ಗಟ್ಟಿಯಾಗಲೆಂದು ಹೊಲದ ಮಡಿಗಳಂತೆ ನೀರು ತುಂಬಿದ್ದರು. ಕಾಕು ಪಾದ ಮುಳುಗುವ ನೀರಿನಲ್ಲಿ ನಿಂತು, ಒಡೆದ ಒಂದು ಬದುವನ್ನು ಕೈಯಿಂದ ಒತ್ತುತ್ತಿದ್ದರು. ಕಾಕಾ ಮೆಟ್ಟಿಲಿಲ್ಲದ ಮನೆಯ ಏಣಿಯ ಮೇಲೆ, ಎದೆಮಟ್ಟ ಮಾತ್ರ ಕಾಣುವಂತೆ ನಿಂತಿದ್ದರು. ಮೊಬೈಲು ಹೊಡೆಯಿತು.

ಕಾಕಾ ಕಿವಿಗೆ ಇಟ್ಟುಕೊಂಡು, ಹೌದ್ರಿ, ಅರಾಮ ಅದೀವ್ರಿ ಎಂದರು. ಆಮೇಲೆ ತುಂಬ ಹೊತ್ತು ಬರಿದೆ ಕೇಳಿದರು. ಮುಖದಲ್ಲಿ ಏನೂ ತಿಳಿಯಲಿಲ್ಲ. ಕೊನೆಗೆ, ಇದ್ದಾಳ್ರಿ, ಕೊಡತೀನಿ ಎಂದು ಕೈಯನ್ನು ಸ್ಲ್ಯಾಬಿನ ಮೇಲೆ ಉದ್ದಕ್ಕೆ ಚಾಚಿದರು.

“ತಗೊ. ಟಿಕೋಟಾದವರು.”

“ನಾ ಏನ ಮಾತಾಡ್ಲಿ? ನೀವ ಮಾತಾಡ್ರಿ.”

“ಲೆವೆಲ್ ನೋಡೋ ಅಕ್ಕಾರಿಗೆ ಕೊಡ್ರಿ ಅಂತಾರ. ಪಾಯಾ ಯಾವಾಗ ತೋಡೂದು ಅಂತ ನಿನ್ನ ಕೇಳಬೇಕಂತ.”

ಕಾಕು ಮಣ್ಣಿನ ಕೈಯನ್ನು ಸೀರೆಗೆ ಒರೆಸಿಕೊಂಡರು, ಮತ್ತೊಮ್ಮೆ ಒರೆಸಿಕೊಂಡರು. ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮಿಬ್ಬರಿಗೂ ಬೆನ್ನು ಮಾಡಿ, ಆಚೆ ತುದಿಗೆ ನೀರಿನಲ್ಲಿ ನಡೆದು ಹೋದರು. ಮೊದಲು ಅವರ ದನಿ ಕೇಳಲೇ ಇಲ್ಲ. ಆಮೇಲೆ ಕೇಳಿಸಿತು.

“ಈಗ ಆಗಂಗಿಲ್ರಿ,” ಎನ್ನುತ್ತಿದ್ದರು. “ಮೊದಲ ಇವರ ಕಣ್ಣಿಂದ ಆಗಬೇಕ್ರಿ. ಅದಾದ ಮ್ಯಾಲ ತಿಂಗಳ ಬಿಟ್ಟ ಬರ್ತೀವ್ರಿ.”